ಎಲೆ ಕೆಂಪಾಗುವ ರಾತ್ರಿ

ದಾಲಿಯಿಂದ ದಕ್ಷಿಣಕ್ಕೆ ಹೊರಟ ರೈಲು ಬೆಳಕಿಗಿಂತ ಹೆಚ್ಚು ಹೊತ್ತು ಬೆಟ್ಟದ ಹೊಟ್ಟೆಯೊಳಗೇ ಓಡುತ್ತದೆ. ಸುರಂಗ, ಸೇತುವೆ, ಮತ್ತೆ ಸುರಂಗ. ಎರಡು ಕತ್ತಲೆಗಳ ನಡುವೆ ಕಣಿವೆಯೊಂದು ಕಂಡು ಮಾಯವಾಗುತ್ತದೆ: ಕೆಳಗೆಲ್ಲೋ ಹಸಿರು ನೀರು, ಮೇಲೆ ಮೋಡ ಮುಟ್ಟುವ ಮೆಟ್ಟಿಲು ಹೊಲ, ನಡುವೆ ಅಕ್ರೋಟು ಮರಗಳ ಗುಂಪು. ಆ ನೀರು ಲಾನ್‌ತ್ಸಾಂಗ್ ನದಿಯದು. ಟಿಬೆಟ್ ಪ್ರಸ್ಥಭೂಮಿಯಲ್ಲಿ ಹುಟ್ಟಿ, ಯುನ್ನಾನ್ ಪ್ರಾಂತ್ಯವನ್ನು ಸೀಳಿಕೊಂಡು ಇಳಿದು, ಚೀನಾದ ಗಡಿ ದಾಟಿದ ಮೇಲೆ ಮೆಕಾಂಗ್ ಎನ್ನಿಸಿಕೊಳ್ಳುವ ನದಿ. ಚಹಾ ಗಿಡದ ತವರು ಎಲ್ಲಿ ಎಂದು ಹುಡುಕುವ ಸಸ್ಯವಿಜ್ಞಾನಿಗಳು ಮತ್ತೆ ಮತ್ತೆ ಬಂದು ನಿಲ್ಲುವುದು ಈ ಸೀಮೆಯ ಬೆಟ್ಟಗಳ ಮುಂದೆಯೇ. 2020ರ ಕೊನೆಯಲ್ಲಿ ಈ ಹಳಿ ತೆರೆಯುವವರೆಗೆ ಲಿನ್‌ತ್ಸಾಂಗ್ ಜಿಲ್ಲೆ ರೈಲನ್ನೇ ಕಂಡಿರಲಿಲ್ಲ. ಹಿಂದಿನ ಶತಮಾನಗಳಲ್ಲಿ ಇಲ್ಲಿಯ ಚಹಾ ಹೊರಗಿನ ಲೋಕಕ್ಕೆ ಹೋದದ್ದು ಹೇಸರಗತ್ತೆಗಳ ಬೆನ್ನ ಮೇಲೆ.

ಯುನ್‌ಸಿಯೆನ್‌ನಲ್ಲಿ ಇಳಿದು ಕಾರು ಹತ್ತಿದೆ. ಜೊತೆಗೆ ಕುನ್‌ಮಿಂಗ್‌ನಲ್ಲಿ ಓದುತ್ತಿರುವ, ಇದೇ ಜಿಲ್ಲೆಯ ಹುಡುಗಿ. ನನ್ನ ಇಂಗ್ಲಿಷನ್ನು ಚೀನೀ ಭಾಷೆಗೂ ಅಲ್ಲಿಯವರ ಮಾತನ್ನು ನನಗೂ ದಾಟಿಸಲು ಒಪ್ಪಿಕೊಂಡವಳು. ಯುಗಾದಿಯ ಆಸುಪಾಸಿನ ದಿನಗಳು. ಇಲ್ಲಿಯೂ ಅದು ವಸಂತದ ಮೊದಲ ಕೊಯ್ಲಿನ ಕಾಲ. ಫೆಂಗ್‌ಚಿಂಗ್ ಊರು ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ಸಿಕ್ಕಿತು. ಕಾರಿನ ಗಾಜು ಇಳಿಸಿದ್ದೇ ತಡ, ಬಾಡುತ್ತಿರುವ ಎಲೆಯ ವಾಸನೆ ಒಳಗೆ ನುಗ್ಗಿತು. ಅರ್ಧ ಹುಲ್ಲು, ಅರ್ಧ ಹೂವು. ಯಾವ ಹೂವೆಂದು ಕೇಳಿದರೆ ಹೇಳಲಾಗದ, ಆದರೆ ಹೂವೇ ಎಂದು ಆಣೆ ಮಾಡಬಹುದಾದ ವಾಸನೆ. ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದ ಆ ಪೇಟೆಯಲ್ಲಿ ವಸಂತವಿಡೀ ಗಾಳಿಯೇ ಹಾಗಿರುತ್ತದಂತೆ.

ನಾನು ಅಷ್ಟು ದೂರ ಹೋದದ್ದು ಅಲ್ಲಿಯ ಕೆಂಪು ಚಹಾಕ್ಕಾಗಿ. ನಾವು ಬ್ಲ್ಯಾಕ್ ಟೀ ಎನ್ನುವುದೇ ಚೀನಾದಲ್ಲಿ ಕೆಂಪು ಚಹಾ. ಯುನ್ನಾನಿನದ್ದಕ್ಕೆ ದಿಯೆನ್‌ಹೊಂಗ್ ಎಂದು ಹೆಸರು. ನಮ್ಮ ಅಡುಗೆಮನೆಯ ಡಬ್ಬಿಯಲ್ಲಿರುವ ಟೀಪುಡಿಗೂ ಇದಕ್ಕೂ ನಂಟಿದೆ. ಅಸ್ಸಾಮಿನ ಚಹಾ, ಯುನ್ನಾನಿನ ದೊಡ್ಡೆಲೆ ಚಹಾ ಎರಡೂ ಕಮೆಲಿಯಾ ಸಿನೆನ್ಸಿಸ್ ಗಿಡದ ಅಸ್ಸಾಮಿಕಾ ಎಂಬ ಒಂದೇ ಬಗೆಗೆ ಸೇರಿದವು. ಅಲ್ಲಿ ಒಬ್ಬರು, ಇಲ್ಲಿ ಇನ್ನೊಬ್ಬರು ಬೇರೆ ಬೇರೆಯಾಗಿ ಪಳಗಿಸಿಕೊಂಡಿರಬೇಕು ಎಂದು ವಂಶವಾಹಿಗಳ ಅಧ್ಯಯನ ಹೇಳುತ್ತದೆ. 1823ರಲ್ಲಿ ರಾಬರ್ಟ್ ಬ್ರೂಸ್ ಎಂಬ ಸ್ಕಾಟ್‌ಲೆಂಡಿನವನಿಗೆ ಅಸ್ಸಾಮಿನಲ್ಲಿ ಚಹಾ ಗಿಡದ ಸುಳಿವು ಕೊಟ್ಟವರು ಸಿಂಗ್‌ಫೋ ಜನ. ಅವರ ಬಂಧುಗಳೇ ಯುನ್ನಾನಿನ ಪಶ್ಚಿಮ ಗಡಿಯಲ್ಲಿ ಜಿಂಗ್‌ಪೋ ಎಂಬ ಹೆಸರಿನಲ್ಲಿ ಬದುಕುತ್ತಿದ್ದಾರೆ. ನಕಾಶೆಯಲ್ಲಿ ಎರಡು ದೇಶ. ಗಿಡಕ್ಕೂ ಜನಕ್ಕೂ ಒಂದೇ ಬೆಟ್ಟಸಾಲು. ಹಾಗಿದ್ದ ಮೇಲೆ ನಮ್ಮ ಲೋಟದಲ್ಲಿ ಹಾಲು, ಸಕ್ಕರೆ, ಶುಂಠಿ ಬೇಡುವ ಎಲೆ ಇಲ್ಲಿ ಏನನ್ನೂ ಬೇಡದೆ ಜೇನಿನ ಕಂಪು ಬಿಡುವುದು ಹೇಗೆ? ಆ ಕುತೂಹಲವೇ ನನ್ನನ್ನು ಎಳೆದುಕೊಂಡು ಹೋದದ್ದು.

ಊರ ಮೇಲಿನ ಇಳಿಜಾರಿನಲ್ಲಿ ಗಂಡ ಹೆಂಡತಿ ನಡೆಸುವ ಚಹಾ ಮನೆಯೊಂದಿದೆ. ಕೆಳಗೆ ಕಾರ್ಖಾನೆ ಎನ್ನಬಹುದಾದ ಎರಡು ಉದ್ದನೆಯ ಕೋಣೆ, ಮೇಲೆ ಸಂಸಾರ. ಬೆಳಿಗ್ಗೆ ಕೊಯ್ದ ಎಲೆ ಮಧ್ಯಾಹ್ನದ ಹೊತ್ತಿಗೆ ಬುಟ್ಟಿ ಬುಟ್ಟಿಯಾಗಿ ಬಂದಿಳಿಯುತ್ತಿತ್ತು. ಹೆಚ್ಚಿನವು ಒಂದು ಕುಡಿ, ಒಂದು ಎಲೆ. ಕೆಲವು ಒಂದು ಕುಡಿ, ಎರಡು ಎಲೆ. ಕುಡಿ ಎತ್ತಿಕೊಂಡು ಬೆಳಕಿಗೆ ಹಿಡಿದೆ. ದಪ್ಪ, ಮೊನಚು, ಮೈತುಂಬ ಬಿಳಿ ತುಪ್ಪುಳು. ಕಚ್ಚಿದರೆ ನಾಲಿಗೆ ಮರಗಟ್ಟುವಷ್ಟು ಒಗರು. ಕಂಪಂತೂ ಇಲ್ಲವೇ ಇಲ್ಲ. ಇದರೊಳಗೆ ಜೇನು ಎಲ್ಲಿ ಅಡಗಿದೆ?

ಬಂದ ಎಲೆಯನ್ನು ಜಾಲರಿ ತಳದ ಉದ್ದನೆಯ ತೊಟ್ಟಿಯಲ್ಲಿ ತೆಳ್ಳಗೆ ಹರವುತ್ತಾರೆ. ಅಡಿಯಿಂದ ಫ್ಯಾನು ಗಾಳಿ ಊದುತ್ತದೆ. ಕೊಯ್ದಾಗ ಎಲೆಯ ತೂಕದಲ್ಲಿ ಮುಕ್ಕಾಲು ಪಾಲು ನೀರು. ಅದು ಮೆಲ್ಲಗೆ ಇಳಿದು ನೂರಕ್ಕೆ ಅರವತ್ತರ ಹತ್ತಿರ ಬರಬೇಕು. ತೇವಾಂಶ ಅಳೆಯುವ ಯಂತ್ರ ಗೋಡೆಯ ಮೇಲಿತ್ತು, ಆದರೆ ಆ ಯಜಮಾನ ಅದರತ್ತ ನೋಡಿದ್ದನ್ನು ನಾನು ಕಾಣಲಿಲ್ಲ. ಒಂದು ಹಿಡಿ ಎಲೆ ತೆಗೆದು ಮುಷ್ಟಿಯಲ್ಲಿ ಅದುಮಿದರು, ಬಿಟ್ಟರು. ಉಂಡೆ ತಕ್ಷಣ ಬಿಚ್ಚಿಕೊಂಡರೆ ಇನ್ನೂ ಬಾಡಬೇಕು. ಬಿಚ್ಚಿಕೊಳ್ಳಲು ತುಸು ಯೋಚಿಸಿದರೆ ಸಾಕು. ತೊಟ್ಟು ಬಾಗಬೇಕು, ಮುರಿಯಬಾರದು. ಅವರ ಕೈಯಿಂದ ಅದೇ ಎಲೆ ಇಸಿದುಕೊಂಡು ನಾನೂ ಅದುಮಿ ನೋಡಿದೆ. ಹಸಿಯೆಲೆಯ ಸದ್ದು ಹೋಗಿತ್ತು. ಒಳ್ಳೆಯ ಹಳೆಯ ಚರ್ಮದ ನಯ ಬಂದಿತ್ತು. ಮೂಗಿಗೆ ಹಿಡಿದರೆ ರಸ್ತೆಯಲ್ಲಿ ಸಿಕ್ಕ ಆ ಹೂವು.

ಆ ಹೂವು ಎಲ್ಲಿಂದ ಬಂತು ಎಂಬುದು ನನಗೆ ಇವತ್ತಿಗೂ ಬೆರಗಿನ ಸಂಗತಿ. ಮಲ್ಲಿಗೆಯಲ್ಲಿರುವ ಲಿನಲೂಲ್, ಗುಲಾಬಿಯಲ್ಲಿರುವ ಜೆರಾನಿಯೋಲ್, ಇವೇ ಚಹಾದೆಲೆಯಲ್ಲೂ ಇವೆ. ಆದರೆ ಗಿಡದ ಮೇಲಿರುವಾಗ ಅವು ಸಕ್ಕರೆಯ ಕಣಗಳಿಗೆ ಕಟ್ಟುಬಿದ್ದಿರುತ್ತವೆ. ಕಟ್ಟುಬಿದ್ದ ಕಂಪು ಮೂಗಿಗೆ ತಲುಪುವುದಿಲ್ಲ. ಕೊಯ್ದ ಎಲೆ ನೀರು ಕಳೆದುಕೊಂಡು ಸೊರಗಿದಾಗ, ಆಮೇಲೆ ಹೊಸೆದು ನಜ್ಜುಗುಜ್ಜಾದಾಗ, ಅದರದೇ ಕಿಣ್ವಗಳು ಆ ಕಟ್ಟು ಬಿಚ್ಚುತ್ತವೆ. ಗಿಡದಿಂದ ಬೇರೆಯಾದ ಎಲೆ ಸಾಯುವುದಕ್ಕೆ ಮೊದಲು ಮಾಡುವ ಕೊನೆಯ ಕೆಲಸವೇ ನಮ್ಮ ಪಾಲಿನ ಸುಗಂಧ.

ಹಿಂದಿನ ದಿನ ಹರವಿದ್ದ ಎಲೆಯ ಸರದಿ ಸಂಜೆಗೆ ಬಂತು. ಗೀರು ಗೀರಾದ ಮೇಜಿನ ಮೇಲೆ ಭಾರವಾದ ಡಬ್ಬವೊಂದು ಸುತ್ತು ಹಾಕುತ್ತ ಎಲೆಯನ್ನು ಹೊಸೆಯುತ್ತದೆ. ಮೊದಲು ಹಗುರ, ಆಮೇಲೆ ಒತ್ತಡ, ಮತ್ತೆ ಹಗುರ. ಒಂದೂಕಾಲು ಗಂಟೆಯ ಆ ಹೊಸೆತದಲ್ಲಿ ಎಲೆ ಹರಿಯುವುದಿಲ್ಲ, ಸುರುಳಿ ಸುತ್ತಿಕೊಳ್ಳುತ್ತದೆ. ಮೈಮೇಲೆ ಅಂಟು ರಸ ಉಕ್ಕುತ್ತದೆ. ನಮ್ಮ ಟೀಪುಡಿಯ ದಾರಿ ಬೇರೆಯಾಗುವುದು ಈ ಹಂತದಲ್ಲಿ. 1930ರ ದಶಕದ ಆರಂಭದಲ್ಲಿ ವಿಲಿಯಂ ಮೆಕರ್ಚರ್ ಎಂಬಾತ ಅಸ್ಸಾಮಿನ ಆಮ್‌ಗುರಿ ತೋಟದಲ್ಲಿ ಹಲ್ಲಿನ ಉರುಳೆಗಳ ಯಂತ್ರ ಹೂಡಿದ. ಅದು ಎಲೆಯನ್ನು ಅರೆದು, ಹರಿದು, ಕಾಳು ಕಟ್ಟುತ್ತದೆ. ಸಿಟಿಸಿ ಎಂದರೆ ಅದೇ. ಕ್ಷಣದಲ್ಲಿ ಬಣ್ಣ, ಕ್ಷಣದಲ್ಲಿ ಖಡಕ್ಕು, ಹಾಲಿನ ಮುಂದೆ ಸೋಲದ ಕಸುವು. ಅದು ಬೇರೊಂದು ಒಳ್ಳೆಯ ಗುರಿಗೆ ಹುಟ್ಟಿದ ವಿದ್ಯೆ, ಮತ್ತು ಬಡವರ ಕೈಗೂ ಚಹಾ ಎಟುಕುವಂತೆ ಮಾಡಿದ ವಿದ್ಯೆ. ಆದರೆ ನಿಧಾನವಾಗಿ ಬಿಚ್ಚಿಕೊಳ್ಳಬೇಕಾದದ್ದು ಅದರಲ್ಲಿ ಒಂದೇ ಏಟಿಗೆ ಮುಗಿದುಹೋಗುತ್ತದೆ.

ರಾತ್ರಿ ಊಟವಾದ ಮೇಲೆ ಎರಡನೇ ಕೋಣೆಗೆ ಕರೆದರು. ಬೆಚ್ಚಗೆ, ಹಬೆ ಹಬೆಯಾಗಿತ್ತು. ಹೊಸೆದ ಎಲೆಯನ್ನು ಬಿದಿರು ಬುಟ್ಟಿಗಳಲ್ಲಿ ಒಂದು ಗೇಣು ದಪ್ಪ ತುಂಬಿ ಒದ್ದೆ ಬಟ್ಟೆ ಹೊದಿಸಿದ್ದರು. ಇನ್ನು ಕೆಲಸವೆಂದರೆ ಕಾಯುವುದು. ಎಲೆಯ ಜೀವಕೋಶದಲ್ಲಿ ಬೇರೆ ಬೇರೆ ಗೂಡುಗಳಲ್ಲಿದ್ದ ಒಗರು ಪದಾರ್ಥವೂ ಕಿಣ್ವವೂ ಹೊಸೆತದಲ್ಲಿ ಗೋಡೆ ಒಡೆದು ಕೂಡಿಕೊಂಡಿರುತ್ತವೆ. ಗಾಳಿಯ ಆಮ್ಲಜನಕ ಬಂದು ಸೇರುತ್ತದೆ. ಒಗರು ಕರಗಿ ಥಿಯಾಫ್ಲೇವಿನ್ ಎಂಬ ಹೊಳಪಿನ ಕಿತ್ತಳೆ ಬಣ್ಣವಾಗುತ್ತದೆ, ಅದು ಮುಂದುವರಿದು ಥಿಯಾರುಬಿಜಿನ್ ಎಂಬ ಕೆಂಪು ಕಂದಾಗುತ್ತದೆ. ಮೊದಲನೆಯದು ಚುರುಕು ಕೊಡುತ್ತದೆ, ಎರಡನೆಯದು ಮೈ ತುಂಬುತ್ತದೆ. ಎರಡೂ ಹದವಾಗಿ ಇರುವ ಒಂದು ಗಳಿಗೆ ಇದೆ. ಆ ಗಳಿಗೆಯಲ್ಲಿ ನಿಲ್ಲಿಸಬೇಕು. ಮೊದಲೇ ನಿಲ್ಲಿಸಿದರೆ ಹಸಿ ಕಹಿ; ತಡವಾದರೆ ಹುಳಿ, ಮಂಕು.

ಆ ಗಳಿಗೆ ತಿಳಿಯುವುದು ಹೇಗೆ ಎಂದು ಕೇಳಿದೆ. ಹುಡುಗಿ ನನ್ನ ಪ್ರಶ್ನೆಯನ್ನು ದಾಟಿಸುವ ಮೊದಲೇ ಯಜಮಾನತಿ ಬುಟ್ಟಿಗೆ ಕೈ ಇಳಿಸಿ ತಳದಿಂದ ಒಂದು ಹಿಡಿ ತೆಗೆದು ನನ್ನ ಮುಂದೆ ಹಿಡಿದರು.

“ಮೂಸಿ ನೋಡಿ. ಈಗ ಏನಿದೆ?”

ಹಸಿ ಹುಲ್ಲು ಎಂದೆ. ತಲೆಯಾಡಿಸಿ ಬಟ್ಟೆ ಮುಚ್ಚಿದರು. ಗಂಟೆ ಕಳೆದ ಮೇಲೆ ಮತ್ತೆ ಒಂದು ಹಿಡಿ. ಹಸಿ ಸೇಬು. “ಇನ್ನೂ ಇಲ್ಲ” ಎಂದರು. ಅವರ ಗಂಡ ಹೊರಗೆ ಒಲೆಯ ಉರಿ ಸರಿಮಾಡುತ್ತಿದ್ದರು. ಹೊರಗೆ ಕಣಿವೆಯ ತುಂಬ ಕತ್ತಲೆ, ದೂರದಲ್ಲಿ ಇಂಥವೇ ಇನ್ನೊಂದೆರಡು ಮನೆಗಳ ದೀಪ. ಅಲ್ಲೂ ಯಾರೋ ಇದೇ ಕೆಲಸಕ್ಕೆ ಎದ್ದು ಕೂತಿದ್ದಾರೆ ಎಂದುಕೊಂಡೆ. ಮೂರನೆಯ ಹಿಡಿಯಲ್ಲಿ ಎಲೆ ತಾಮ್ರದ ಬಣ್ಣಕ್ಕೆ ತಿರುಗಿತ್ತು. ಹೂವಿನ ವಾಸನೆ ತಲೆಗೇರುವಷ್ಟು. ಇದೇ ಎಂದು ನಾನು ಅವರ ಮುಖ ನೋಡಿದೆ. ಅವರು ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದರು, ಮತ್ತೆ ಮುಚ್ಚಿದರು. ಕಾಲು ಗಂಟೆ ಕಳೆದಿರಬಹುದು. ಬಟ್ಟೆ ತೆಗೆದಾಗ ಹೂವಿನ ಹಿಂದೆ ಮಾಗಿದ ಹಣ್ಣಿನ ಒಂದೆಳೆ ಬಂದು ನಿಂತಿತ್ತು. ಅಷ್ಟೇ ಒಂದೆಳೆ.

“ಈಗ” ಎಂದರು, ಗಟ್ಟಿಯಾಗಿ. ಗಂಡ ಬುಟ್ಟಿ ಹೊತ್ತು ಓಡಿದರು.

ಆಮೇಲೆ ನಡೆದದ್ದು ಅವಸರದ ಕೆಲಸ. 110, 120 ಡಿಗ್ರಿಯ ಬಿಸಿಗಾಳಿಗೆ ಎಲೆ ಒಡ್ಡಿದರೆ ಕಿಣ್ವಗಳು ಅಲ್ಲಿಗೆ ಸತ್ತವು. ಕೆಂಪಾಗುವುದು ನಿಂತಿತು. ಸ್ವಲ್ಪ ಆರಿಸಿ, ಎರಡನೇ ಬಾರಿ ಕಡಿಮೆ ಬಿಸಿಯಲ್ಲಿ ನಿಧಾನವಾಗಿ ಒಣಗಿಸುತ್ತಾರೆ. ಆಗ ಆ ಕೋಣೆಯಲ್ಲಿ ಎದ್ದ ಘಮ, ಮಂಡ್ಯದ ಕಡೆ ಆಲೆಮನೆಯ ಕೊಪ್ಪರಿಗೆಯಲ್ಲಿ ಪಾಕ ಹದಕ್ಕೆ ಬರುವಾಗ ಏಳುವ ಘಮದಷ್ಟೇ ತುಂಬಿಕೊಂಡದ್ದು, ಹಸಿವು ಕೆರಳಿಸುವಂಥದ್ದು. ಬೆಳಗಿನ ಜಾವ ತಟ್ಟೆಗೆ ಸುರಿದ ಚಹಾ ನೋಡಿದೆ: ಕಪ್ಪು ಸುರುಳಿಗಳ ನಡುವೆ ಹೊಂಬಣ್ಣದ ಕುಡಿಗಳು. ಹಸಿಯೆಲೆಯಲ್ಲಿ ಬಿಳಿಯಿದ್ದ ಆ ತುಪ್ಪುಳೇ ಎಲೆಯ ರಸ ಹೀರಿ, ರಸ ಮಾಗಿ, ಚಿನ್ನವಾಗಿತ್ತು. ನಾಲ್ಕೈದು ಕಿಲೋ ಹಸಿಯೆಲೆಗೆ ಒಂದು ಕಿಲೋ ಚಹಾ. ಅಷ್ಟು ಎಲೆಯನ್ನು ಯಾರೋ ಒಂದೊಂದಾಗಿ ಬೆರಳಿನಿಂದ ಚಿವುಟಿದ್ದಾರೆ.

ಇಷ್ಟು ಪಳಗಿದ ಕೈಗಳನ್ನು ಕಂಡಾಗ ಇದು ಸಾವಿರಾರು ವರ್ಷದ ವಿದ್ಯೆ ಎನ್ನಿಸುತ್ತದೆ. ಚಹಾ ಈ ಬೆಟ್ಟಗಳಿಗೆ ಹಳೆಯದು ನಿಜ. 1639ರಲ್ಲಿ ಮಿಂಗ್ ಕಾಲದ ಮಹಾ ಪ್ರವಾಸಿ ಶೂ ಶಿಯಾಕೆ ಈ ಸೀಮೆಯಲ್ಲಿ ನಡೆದು ಬಂದಾಗ ಹಳ್ಳಿಯ ತಂಗುಮನೆಯ ಮುದುಕನೊಬ್ಬ ಅವನಿಗಾಗಿಯೇ ಚಹಾ ಕಾಸಿಕೊಟ್ಟದ್ದನ್ನು ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಆದರೆ ಕೆಂಪು ಚಹಾ ಇಲ್ಲಿಗೆ ಬಂದದ್ದು ಅದಾಗಿ ಮುನ್ನೂರು ವರ್ಷದ ಮೇಲೆ, ಯುದ್ಧದ ಹೊಡೆತಕ್ಕೆ. 1938ರ ಹೊತ್ತಿಗೆ ಜಪಾನಿ ಸೇನೆ ಪೂರ್ವ ಚೀನಾವನ್ನು ಆಕ್ರಮಿಸಿತ್ತು. ಹೆಸರಾಂತ ಕೆಂಪು ಚಹಾಗಳ ಸೀಮೆಗಳಿಗೆ ಅಪಾಯ, ಆದರೆ ದೇಶಕ್ಕೆ ವಿದೇಶಿ ಹಣ ಬೇಕು, ಹಣಕ್ಕೆ ಚಹಾ ಬೇಕು. ಫೆಂಗ್ ಶಾವ್‌ಚಿಯು ಎಂಬ ಹೂನಾನ್ ಪ್ರಾಂತ್ಯದ ಚಹಾ ತಜ್ಞ, ಅನ್‌ಹುಯಿ ಪ್ರಾಂತ್ಯದ ಚೀಮೆನ್ ಕೆಂಪು ಚಹಾದಲ್ಲಿ ನುರಿತವನು, ಹೊಸ ನೆಲ ಹುಡುಕಿಕೊಂಡು ಆ ವರ್ಷದ ಕೊನೆಯಲ್ಲಿ ಈ ಊರಿಗೆ ಬಂದ. ಆಗ ಊರಿನ ಹೆಸರು ಶುನ್‌ನಿಂಗ್. ಬೇರೆಡೆ ಗಿಡಗಳು ಮಲಗುವ ನವೆಂಬರಿನಲ್ಲೂ ಇಲ್ಲಿಯ ಗಿಡಗಳಲ್ಲಿ ಕುಡಿ ಇರುವುದನ್ನು ಕಂಡು, ಸ್ವಲ್ಪ ಎಲೆ ಕೊಯ್ಯಿಸಿ ಒಂದು ಕೆಂಪು, ಒಂದು ಹಸಿರು ಮಾದರಿ ಮಾಡಿ ಹಾಂಗ್‌ಕಾಂಗಿಗೆ ಕಳಿಸಿದ. ಮೆಚ್ಚುಗೆ ಬಂತು. 1939ರಲ್ಲಿ ಕಾರ್ಖಾನೆ ಎದ್ದಿತು: ಕೈಯಿಂದ ತಳ್ಳುವ ಮರದ ಹೊಸೆಯುವ ಡಬ್ಬ, ಬಿದಿರಿನ ಒಣಗಿಸುವ ಬುಟ್ಟಿ. ಮೊದಲ ಚಹಾ ಹೇಸರಗತ್ತೆಯ ಮೇಲೆ ದಾಲಿಯ ಕಡೆಗೆ, ಲಾರಿಯಲ್ಲಿ ಕುನ್‌ಮಿಂಗಿಗೆ, ಮುಂದೆ ರೈಲು, ಹಡಗು. ಬಾಂಬು ಬೀಳುತ್ತಿದ್ದ ದೇಶದ ಮೂಲೆಯಲ್ಲಿ ಒಬ್ಬ ಮನುಷ್ಯ ಎಲೆ ಮೂಸುತ್ತ ಸರಿಯಾದ ಗಳಿಗೆಗೆ ಕಾದದ್ದನ್ನು ನೆನೆದರೆ ನನಗೆ ಗೌರವ ಉಕ್ಕುತ್ತದೆ. ದಿಯೆನ್‌ಹೊಂಗ್ ಮಾಡುವ ವಿದ್ಯೆ 2014ರಲ್ಲಿ ಚೀನಾದ ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿತು.

ಮರುದಿನ ಮಧ್ಯಾಹ್ನ ಚಹಾ ಮೇಜಿನ ಮುಂದೆ ಕೂತೆವು. ರಾತ್ರಿ ಮಾಡಿದ್ದನ್ನು ಕುಡಿಯಲು ಕೊಡಲಿಲ್ಲ. ಬೆಂಕಿಯ ಕಾವು ಇಳಿಯಲು ಕೆಲವು ವಾರ ಬೇಕು, ಅಲ್ಲಿಯವರೆಗೆ ಅದು ಚಹಾ ಅಲ್ಲ ಎಂದರು ಯಜಮಾನತಿ. ಹಿಂದಿನ ವಸಂತದ್ದನ್ನು ತೆಗೆದರು. ಮೊದಲು ಮಾಡಿದ್ದು ಪರೀಕ್ಷೆಯ ಚಹಾ. ಮುಚ್ಚಳವಿರುವ ಬಿಳಿ ಪಿಂಗಾಣಿ ಲೋಟದಲ್ಲಿ 3 ಗ್ರಾಂ ಎಲೆ, 150 ಮಿಲಿಲೀಟರ್ ಕುದಿನೀರು, 5 ನಿಮಿಷ. ಚೀನಾದ ಚಹಾ ಪರೀಕ್ಷಕರ ಅಳತೆ ಇದು. ಈ ಅಳತೆಯಲ್ಲಿ ದಾಕ್ಷಿಣ್ಯವಿಲ್ಲ. ಎಲೆಯಲ್ಲಿ ದೋಷವಿದ್ದರೆ ಐದು ನಿಮಿಷದಲ್ಲಿ ಹೊರಬಿದ್ದೇ ಬೀಳುತ್ತದೆ. ಎರಡು ಚಹಾ ಪಕ್ಕಪಕ್ಕ ಇಟ್ಟಿದ್ದರು. ಚಮಚದಲ್ಲಿ ತೆಗೆದು ಸದ್ದು ಬರುವಂತೆ ಸೊರ್ರನೆ ಹೀರಬೇಕು. ಗಾಳಿ ಬೆರೆತರೆ ಕಂಪು ಮೂಗಿನ ಹಿಂಬದಿಗೆ ಏರುತ್ತದೆ. ಒಂದರಲ್ಲಿ ಗಂಟಲಿನ ಕೊನೆಯಲ್ಲಿ ಹುಳಿಯ ಗೆರೆ. ಇನ್ನೊಂದು ದಟ್ಟವಾಗಿದ್ದೂ ನೇರ. ಹುಳಿಯದ್ದು ಎಲ್ಲಿ ಕೆಟ್ಟಿತು ಎಂದು ನನಗೆ ಹೇಳಬೇಕಾಗಲಿಲ್ಲ. ಯಾವುದೋ ರಾತ್ರಿ, ಯಾವುದೋ ಬುಟ್ಟಿಯಲ್ಲಿ, “ಈಗ” ಎನ್ನುವುದು ತಡವಾಗಿತ್ತು.

ಆಮೇಲೆ ಗೈವಾನ್ ಬಂತು. ತಟ್ಟೆ, ಬಟ್ಟಲು, ಮುಚ್ಚಳ, ಇಷ್ಟೇ ಉಪಕರಣ. ಒಂದು ಅಂಗೈಯಲ್ಲಿ ಕೂರುವಷ್ಟು ಚಿಕ್ಕದು, 110 ಮಿಲಿಲೀಟರ್ ಹಿಡಿಯಬಹುದು. ಬಿಸಿನೀರಿನಲ್ಲಿ ಬಟ್ಟಲು ತೊಳೆದು, ನೀರು ಚೆಲ್ಲಿ, ಬಿಸಿ ಬಟ್ಟಲಿಗೆ 5 ಗ್ರಾಂ ಒಣ ಎಲೆ ಹಾಕಿ, ಮುಚ್ಚಿ, ಒಮ್ಮೆ ಕುಲುಕಿ ನನ್ನತ್ತ ನೀಡಿದರು. ಮುಚ್ಚಳ ಸರಿಸಿದೆ. ಸುಟ್ಟ ಸಿಹಿಗೆಣಸು, ಜೇನು, ಒಣಗಿದ ಲೋಂಗನ್ ಹಣ್ಣು. ಎಲೆಗೆ ಇನ್ನೂ ಒಂದು ಹನಿ ನೀರು ಬಿದ್ದಿರಲಿಲ್ಲ.

ನೀರು ಎಷ್ಟು ಬಿಸಿ ಇರಬೇಕು ಎಂದು ಕೇಳಿದಾಗ ಅವರಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. ಕುದಿಯಬೇಕು, ಮತ್ತೇನು? ಪುಸ್ತಕಗಳು 90ರಿಂದ 95 ಡಿಗ್ರಿ ಎನ್ನುತ್ತವಲ್ಲ ಎಂದು ಯೋಚಿಸುತ್ತ ಕೂತವನಿಗೆ ಥಟ್ಟನೆ ಹೊಳೆಯಿತು: 1,600 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ, ಅಲ್ಲಿ ನೀರು ಕುದಿಯುವುದೇ 95 ಡಿಗ್ರಿಯ ಸುಮಾರಿಗೆ. ಬೆಟ್ಟವೇ ಅವರಿಗಾಗಿ ನೀರಿನ ಹದ ಮಾಡಿಟ್ಟಿದೆ. ಅವರ ಪಾಲಿಗೆ ಉಳಿದ ಲೆಕ್ಕ ಹೊತ್ತಿನದು ಮಾತ್ರ.

ಮೊದಲ ನೀರು ಬಟ್ಟಲಿನ ಅಂಚಿನ ಮೇಲೆ ತೆಳ್ಳಗೆ ಇಳಿಯಿತು, ಎಲೆಯ ಮೇಲೆ ನೇರವಾಗಿ ಅಲ್ಲ. ಹತ್ತು ಎಣಿಸುವಷ್ಟರಲ್ಲಿ ಸೋಸಿದರು. ಗಾಜಿನ ಪಾತ್ರೆಯಲ್ಲಿ ಕಿತ್ತಳೆ ಬಣ್ಣ, ಅಂಚಿನಲ್ಲಿ ಸುತ್ತ ಹೊಂಬಣ್ಣದ ಉಂಗುರ. ಚಹಾದ ಹೊಳಪು ಸರಿಯಿದ್ದರೆ ಮಾತ್ರ ಕಾಣುವ ಉಂಗುರ ಅದು. ಗುಟುಕು ಬಾಯಿಗೆ ಹೋಯಿತು. ನಾಲಿಗೆ ಸಕ್ಕರೆಯನ್ನು ಹುಡುಕಲಿಲ್ಲ. ಸಿಹಿ ಇತ್ತು, ಆದರೆ ನಾಲಿಗೆಯ ತುದಿಯಲ್ಲಲ್ಲ, ನುಂಗಿದ ಮೇಲೆ ಗಂಟಲಿನಿಂದ ಮೇಲೆ ಬಂದ ಸಿಹಿ. ಎರಡನೆಯ ಬಾರಿ ಸೋಸಿದಾಗ ಹೂವು ಮುಂದೆ ಬಂತು, ನಾನು ಬುಟ್ಟಿಯ ಮೂರನೆಯ ಹಿಡಿಯಲ್ಲಿ ಕಂಡ ಅದೇ ಹೂವು. ಬೆಂಕಿಯನ್ನು ಹಾಯ್ದು, ಒಂದು ವರ್ಷ ಡಬ್ಬಿಯಲ್ಲಿ ಕೂತು, ಅದು ಅಲ್ಲೇ ಇತ್ತು. ಮೂರನೆಯದು ದಪ್ಪ, ಕುಡಿಯುವುದಕ್ಕಿಂತ ಅಗಿಯಬೇಕೆನಿಸುವ ಮೈ. ನಾಲ್ಕನೆಯದರಲ್ಲಿ ಮೊದಲ ಬಾರಿ ಒಗರು ತಲೆಯೆತ್ತಿತು, ಬಾಯಿಯನ್ನು ಚೊಕ್ಕ ಮಾಡಿ ಹೋಯಿತು. ಐದು, ಆರು, ಏಳು. ಒಂದೊಂದು ಸಲವೂ ಎಲೆ ನೀರಿನಲ್ಲಿ ಇರುವ ಹೊತ್ತು ಸ್ವಲ್ಪ ಸ್ವಲ್ಪ ಹೆಚ್ಚಿತು. ಗಡಿಯಾರವಿಲ್ಲ. ಮುಚ್ಚಳದ ಒಳಮೈ ಮೂಸುತ್ತಾರೆ, ಸೋಸುತ್ತಾರೆ. ಹಿಂದಿನ ರಾತ್ರಿ ಬುಟ್ಟಿಯ ಮುಂದೆ ಗಂಟೆಗಳ ಲೆಕ್ಕದಲ್ಲಿ ಮಾಡಿದ್ದನ್ನೇ ಆ ಹೆಂಗಸು ಈಗ ಎಣಿಕೆಯ ಲೆಕ್ಕದಲ್ಲಿ ಮಾಡುತ್ತಿದ್ದರು. ಯಾವಾಗ ನಿಲ್ಲಿಸಬೇಕೆಂದು ತಿಳಿದ ಮೂಗು ಅದೇ.

ಕುಡಿದು ಬರಿದಾದ ಬಟ್ಟಲನ್ನು ಕೆಳಗಿಡಲು ಹೋದಾಗ ತಡೆದರು. “ತಣ್ಣಗಾಗಲಿ, ಆಮೇಲೆ ಮೂಸಿ.” ತಣ್ಣಗಾದ ಖಾಲಿ ಬಟ್ಟಲಿನಲ್ಲಿ ಬಿಸಿ ಚಹಾದಲ್ಲಿ ಇದ್ದದ್ದಕ್ಕಿಂತ ಸ್ಪಷ್ಟವಾದ ಜೇನು ಇತ್ತು. ಅದರ ಹಿಂದಿರುವ ಪದಾರ್ಥಗಳಲ್ಲಿ ಒಂದು ಫಿನೈಲ್‌ಅಸಿಟಾಲ್ಡಿಹೈಡ್. ಚಹಾದೆಲೆಯ ಅಮೈನೋ ಆಮ್ಲವೊಂದು ಒಡೆದು ಹುಟ್ಟುವಂಥದ್ದು. ಆ ರಸಾಯನಶಾಸ್ತ್ರ ಗೊತ್ತಿದ್ದೂ ನಾನು ಬರಿದಾದ ಬಟ್ಟಲನ್ನು ಮತ್ತೆ ಮತ್ತೆ ಮೂಗಿಗೆ ಹಿಡಿಯುತ್ತಿದ್ದೆ.

ಅದಕ್ಕಿಂತ ದೊಡ್ಡ ಬೆರಗು ಮರೆತುಬಿಟ್ಟ ಪರೀಕ್ಷೆಯ ಲೋಟದಲ್ಲಿ ಕಾದಿತ್ತು. ಐದು ನಿಮಿಷ ನೆನೆದ ಆ ದಟ್ಟ ಚಹಾ ಮೇಜಿನ ತುದಿಯಲ್ಲಿ ತಣ್ಣಗಾಗಿತ್ತು. ನೋಡಿದರೆ, ಪಾರದರ್ಶಕವಾಗಿದ್ದ ಕೆಂಪು ಹಾಲು ಬೆರೆಸಿದಂತೆ ಕೆನೆಗಟ್ಟಿ ಮಸುಕಾಗಿದೆ! ಯಾರೂ ಏನೂ ಬೆರೆಸಿರಲಿಲ್ಲ. ಬಿಸಿಯಲ್ಲಿ ಬೇರೆಯಾಗಿದ್ದ ಥಿಯಾಫ್ಲೇವಿನ್ ಮತ್ತು ಕೆಫೀನ್ ತಣಿದಾಗ ಒಂದನ್ನೊಂದು ಹಿಡಿದುಕೊಂಡು ನೀರಿನಲ್ಲಿ ಕರಗದೆ ತೇಲುತ್ತವೆ. ಎರಡೂ ಧಾರಾಳವಾಗಿರುವ ದೊಡ್ಡೆಲೆ ಚಹಾದಲ್ಲಿ ಇದು ಹೆಚ್ಚು. ಕಸುವಿನ ಗುರುತು ಎಂದೇ ಪರೀಕ್ಷಕರು ಇದನ್ನು ಎಣಿಸುತ್ತಾರೆ. ಯಜಮಾನತಿ ಲೋಟವನ್ನು ಬಿಸಿನೀರಿನ ಪಾತ್ರೆಯಲ್ಲಿ ಕೂರಿಸಿದರು. ನೋಡನೋಡುತ್ತ ಮಸುಕು ಕರಗಿ ಕೆಂಪು ಮತ್ತೆ ತಿಳಿಯಾಯಿತು. ಹುಡುಗಿಯೂ ಇದನ್ನು ಮೊದಲ ಸಲ ನೋಡಿದ್ದಂತೆ. ಇಬ್ಬರೂ ಇನ್ನೊಮ್ಮೆ ತಣಿಸಿ ನೋಡಿದೆವು.

ಹೊರಡುವ ಮುನ್ನ ಶಿಯಾಂಗ್‌ಝೂಚಿಂಗ್ ಎಂಬ ಹಳ್ಳಿಗೆ ಹೋಗಿ ಬಂದೆ. ದಾರಿ ಕೆಳಗೆ ಶಿಯಾವ್‌ವಾನ್ ಅಣೆಕಟ್ಟಿನ ಹಿನ್ನೀರು ಕಾಣುವ ಬೆಟ್ಟಗಳ ಮೇಲೆ ಏರುತ್ತದೆ. 292 ಮೀಟರ್ ಎತ್ತರದ ಆ ಕಮಾನು ಅಣೆಕಟ್ಟು ಲಾನ್‌ತ್ಸಾಂಗನ್ನು ಸರೋವರ ಮಾಡಿ ನಿಲ್ಲಿಸಿದೆ. ಹಳ್ಳಿಯ ಮೇಲೆ ಬೇಲಿಯೊಳಗೆ ಒಂದು ಚಹಾ ಮರ. ಗಿಡವಲ್ಲ, ಮರ. ಹತ್ತು ಮೀಟರ್ ದಾಟಿದ ಎತ್ತರ, ಬುಡದ ಸುತ್ತಳತೆ 5.82 ಮೀಟರ್. ಅದಕ್ಕೆ 3,200 ವರ್ಷ ಎಂದು ಊರವರು ನಂಬುತ್ತಾರೆ. ಜೀವಂತ ಮರದ ವಯಸ್ಸನ್ನು ಅಷ್ಟು ಖಚಿತವಾಗಿ ಹೇಳುವುದು ಕಷ್ಟ, ಆದರೆ ಅದರ ಮುಂದೆ ನಿಂತಾಗ ಅಂಕಿಯ ಚರ್ಚೆ ಮಾಡುವ ಮನಸ್ಸು ಬರಲಿಲ್ಲ. ಮೂರು ಜನ ಕೈ ಕೈ ಹಿಡಿದರೂ ತಬ್ಬಲಾಗದ ಬುಡದಿಂದ ಎದ್ದ ಕೊಂಬೆಗಳ ತುದಿಯಲ್ಲಿ, ಆ ವಾರ ಹುಟ್ಟಿದ, ಬಿಳಿ ತುಪ್ಪುಳಿನ, ಒಗರು ಕುಡಿಗಳಿದ್ದವು.

ಈಗ ಇದನ್ನು ನಮ್ಮ ಅಡುಗೆಮನೆಯಲ್ಲಿ ಮಾಡುವ ಬಗೆ ಹೇಳಬೇಕು, ಏಕೆಂದರೆ ಇದು ನೋಡಿ ಬರೆಯುವುದಕ್ಕಿಂತ ಕುಡಿಯಬೇಕಾದ ಸಂಗತಿ. ಗೈವಾನ್ ಇಲ್ಲದಿದ್ದರೆ ಮುಚ್ಚಳ ಹೊಂದುವ ಯಾವ ಚಿಕ್ಕ ಪಿಂಗಾಣಿ ಪಾತ್ರೆಯೂ ಆದೀತು. ನೀರು ಮೆದುವಾಗಿರಬೇಕು. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಸುಣ್ಣದಂಶ ಚಹಾದ ಸಾರವನ್ನು ಹಿಡಿದು ಮೇಲೆ ಪೊರೆ ಕಟ್ಟಿಸುತ್ತದೆ, ಹೊಂಬಣ್ಣದ ಉಂಗುರ ಹೋಗುತ್ತದೆ. ಶೋಧಿಸಿದ ನೀರು, ಇಲ್ಲವೇ ಮಲೆನಾಡಿನವರಾದರೆ ಮನೆಯ ಹಿಂದಿನ ಅಬ್ಬಿನೀರು. ಬಿಸಿಯ ವಿಷಯದಲ್ಲಿ ಊರು ನೋಡಿಕೊಳ್ಳಿ. ಮಂಗಳೂರಿನಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ, ಒಲೆಯಿಂದ ಇಳಿಸಿ ಒಂದು ನಿಮಿಷ ಕಾಯಬೇಕು. ಬೆಂಗಳೂರಿನಲ್ಲಿ 97ರ ಆಸುಪಾಸು, ಅರ್ಧ ನಿಮಿಷ ಸಾಕು. ಮಡಿಕೇರಿಯವರು ಕಾಯುವುದೇ ಬೇಡ. ಬರೀ ಕುಡಿಗಳಿಂದ ಮಾಡಿದ ನಯವಾದ ಚಹಾ ಆದರೆ ಎಲ್ಲರೂ ಇನ್ನೂ ಸ್ವಲ್ಪ ತಣಿಸಿ, 85ರಿಂದ 90ಕ್ಕೆ ಇಳಿಸಿ. ನೂರು ಮಿಲಿಲೀಟರಿಗೆ 4 ಗ್ರಾಂ, ಹತ್ತು ಎಣಿಸಿ ಪೂರ್ತಿ ಸೋಸಿ. ಪಾತ್ರೆಯಲ್ಲಿ ಒಂದು ಗುಟುಕೂ ಉಳಿಯಬಾರದು. ಉಳಿದರೆ ಮುಂದಿನ ಸರದಿ ಕಹಿಯಾಗುತ್ತದೆ.

ಹಾಲು ಹಾಕಬಹುದೇ? ಹಾಲಿನ ಕೇಸಿನ್ ಎಂಬ ಪ್ರೋಟೀನು ಚಹಾದ ಒಗರನ್ನು ಹಿಡಿದು ಮೆತ್ತಗಾಗಿಸುತ್ತದೆ. ಒಗರು ಹೆಚ್ಚಿರುವ ಪುಡಿಗೆ ಅದು ವರ. ಇಲ್ಲಿ ಎಲೆ ಆ ಕೆಲಸವನ್ನು ಬುಟ್ಟಿಯಲ್ಲೇ ಮುಗಿಸಿಕೊಂಡು ಬಂದಿರುತ್ತದೆ. ಆದ್ದರಿಂದ ಮೊದಲ ಆರೇಳು ಸುತ್ತು ಹಾಗೆಯೇ ಕುಡಿಯಿರಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಆಮೇಲೆ ಬಣ್ಣ ತೆಳುವಾದಾಗ ಎಲೆಯನ್ನು ಎಸೆಯಬೇಡಿ. ಫೆಂಗ್‌ಚಿಂಗ್‌ನ ಆ ಮನೆಯಲ್ಲಿ ಸಂಜೆ ಮಕ್ಕಳು ಶಾಲೆಯಿಂದ ಬರುವ ಹೊತ್ತಿಗೆ, ಸೋಸಿ ಮುಗಿದ ಎಲೆಯನ್ನೆಲ್ಲ ಒಂದು ಪಾತ್ರೆಗೆ ಹಾಕಿ, ನೀರೆರೆದು ಚೆನ್ನಾಗಿ ಕುದಿಸಿ, ಹಾಲು ಬೆರೆಸಿ, ಕೆಂಪು ಸಕ್ಕರೆ ಹಾಕಿ ದೊಡ್ಡ ಲೋಟಗಳಲ್ಲಿ ಎಲ್ಲರಿಗೂ ಕೊಡುತ್ತಿದ್ದರು, ನನಗೂ ಕೊಟ್ಟರು.